ವೀಳ್ಯ ಕೊಟ್ಟು ಕರೆಯಿರಿ

ಹೊನ್ನಾವರ ಸೀಮೆಯ ದೇವಸ್ಥಾನಗಳ ಆಡಳಿತ ಮಂಡಳಿಯವರಿಗೆ, ಉತ್ಸವ ಸಮಿತಿಗಳಿಗೆ, ಶಾಲಾಭಿವೃದ್ಧಿ ಸಮಿತಿಯವರಿಗೆ, ಧಕ್ಕೆಯ ಬೋಟ್ ಮಾಲೀಕರಿಗೆ, ಹೋಂಸ್ಟೇ ನಡೆಸುವ ಗೆಳೆಯರಿಗೆ ಒಬ್ಬ ಚಿತ್ರಕಾರನ ನಮಸ್ಕಾರಗಳು.

ನೀವೆಲ್ಲ ನನ್ನನ್ನು ಬಲ್ಲವರು. ನಿಮ್ಮ ಶಾಲೆಯ ಜಗಲಿಯ ಗೋಡೆಗೆ ವಿವೇಕಾನಂದರನ್ನು ಬರೆದವನು, ನಿಮ್ಮ ಬೋಟಿನ ಮುಂಬದಿಗೆ ಮಗಳ ಹೆಸರು ಬರೆದವನು, ಚೌತಿಗೆ ನಿಮ್ಮ ಮನೆಯ ಮಣೆಯ ಮೇಲೆ ಗಣಪತಿಯನ್ನು ಕೂರಿಸಿ ಕೊಟ್ಟವನು. ಇಪ್ಪತ್ತಾರು ವರ್ಷ ಶರಾವತಿಯ ಆಚೆ ದಂಡೆ, ಈಚೆ ದಂಡೆ ಓಡಾಡಿಕೊಂಡು ಇದೇ ಕೆಲಸದಲ್ಲಿ ಅನ್ನ ಉಂಡಿದ್ದೇನೆ. ಈಗ ಆಷಾಢ. ಗೋಡೆಯ ಕೆಲಸ ಇಲ್ಲ. ಹೊರಗೆ ಎರಡು ದಿನದಿಂದ ಮಳೆ ಒಂದೇ ಸಮ ಹೊಡೆಯುತ್ತಿದೆ. ಏಪ್ರಿಲ್‌ನಿಂದ ಮನಸ್ಸಿನಲ್ಲಿ ಉಳಿದ ಒಂದು ಮಾತನ್ನು ನಿಮಗೆ ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಪುರುಸೊತ್ತು ಸಿಗುವುದಿಲ್ಲ.

ಏಪ್ರಿಲ್‌ನ ಒಂದು ರಾತ್ರಿ ಎಂಟೂವರೆಗೆ ಫೋನ್ ಬಂತು. "ನಾಳೆ ಬೆಳಿಗ್ಗೆನೇ ಬಂದ್ಬಿಡಿ ಮಾರಾಯ್ರೇ. ಪುನಃಪ್ರತಿಷ್ಠೆಗೆ ಹದಿನೈದೇ ದಿನ ಉಳ್ದದೆ. ಸಭಾಭವನದ ಗೋಡೆಗೆ ದಶಾವತಾರ ಆಗ್ಬೇಕು. ದುಡ್ಡಿಂದೆಲ್ಲ ಆಮೇಲೆ ಕೂತು ಮಾತಾಡುವ." ಗೋಡೆ ಯಾವಾಗ ಆಯಿತು ಎಂದು ಕೇಳಿದೆ. ಗಿಲಾವು ಮುಗಿದು ಎಂಟು ದಿನ ಎಂದರು. ಆಗುವುದಿಲ್ಲ ಎಂದೆ. ಇಪ್ಪತ್ತಾರು ವರ್ಷದಲ್ಲಿ ದೇವಸ್ಥಾನದ ಕೆಲಸಕ್ಕೆ ನಾನು ಇಲ್ಲ ಎಂದದ್ದು ಅದೇ ಮೊದಲು. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ದೇವರ ಕೆಲಸಕ್ಕೂ ಇಲ್ಲ ಅಂತೀರಲ್ಲ" ಎಂದು ಫೋನ್ ಇಟ್ಟರು. ಅವರಿಗೆ ನೋವಾಗಿದೆ, ನನಗೂ ಆಗಿದೆ. ಯಾಕೆ ಇಲ್ಲ ಎಂದೆ ಎನ್ನುವುದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಗೋಡೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆ ಗೋಡೆ ಎಂದರೆ ಚಿರೆಕಲ್ಲು. ಕಲ್ಲಿನ ಮೈತುಂಬ ತೂತು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಲ್ಲು ನೀರು ಕುಡಿಯುತ್ತಲೇ ಇರುತ್ತದೆ. ಮಳೆ ನಿಂತಿತು ಎಂದು ನಾವು ಕೊಡೆ ಮಡಚಿ ಇಟ್ಟರೂ ಗೋಡೆಯ ಹೊಟ್ಟೆಯೊಳಗಿನ ನೀರು ಹೊರಬೀಳಲು ಡಿಸೆಂಬರ್ ಬರಬೇಕು. ಆ ನೀರು ಬರಿಗೈಯಲ್ಲಿ ಬರುವುದಿಲ್ಲ. ಕಲ್ಲಿನಲ್ಲಿರುವ, ಸಿಮೆಂಟಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಮೇಲ್ಮೈಗೆ ಬಂದು ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬಣ್ಣದ ಪದರದ ಹಿಂದೆ ಬಿಳೀ ಹಿಟ್ಟಿನ ಹಾಗೆ ಕೂತು, ಬಣ್ಣವನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸಿ ಕಡೆಗೆ ಉದುರಿಸುತ್ತದೆ. ಹೊಸ ಗಿಲಾವಿನದು ಇನ್ನೊಂದು ತೊಂದರೆ. ಹಸಿ ಸಿಮೆಂಟಿನ ಕ್ಷಾರ ಎಷ್ಟೋ ಬಣ್ಣಗಳನ್ನು ತಿಂದುಬಿಡುತ್ತದೆ. ನೀಲಿ ಬಳಿದ ಜಾಗ ಮೂರು ತಿಂಗಳಲ್ಲಿ ಬೂದಿಯಾಗಿದ್ದನ್ನು ಕಂಡಿದ್ದೇನೆ. ಕಡಲಿಗೆ ಹತ್ತಿರದ ಗೋಡೆಯಾದರೆ ಗಾಳಿ ತಂದು ಹಚ್ಚಿದ ಉಪ್ಪು ಬೇರೆ. ಅದನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆಯದೆ ಮೊದಲ ಕೋಟ್ ಹಚ್ಚಿದರೆ ಕೆಲಸ ಅಲ್ಲೇ ಕೆಟ್ಟಿತು.

ನಾನು ಮಾಡುವ ಪರೀಕ್ಷೆ ಇದು, ನೀವೂ ಮಾಡಿ ನೋಡಬಹುದು. ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ಗೋಡೆಗೆ ಒತ್ತಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಬೆಳಿಗ್ಗೆ ಹೋಗಿ ನೋಡಿ. ಹಾಳೆಯ ಒಳಮೈಯಲ್ಲಿ ಬೆವರು ಹನಿದಿದ್ದರೆ ಗೋಡೆ ಇನ್ನೂ ಹಸಿ. ಯಾರು ಎಷ್ಟು ಒತ್ತಾಯ ಮಾಡಿದರೂ ಆ ಗೋಡೆಗೆ ಬಣ್ಣ ಹಚ್ಚಬಾರದು.

ಇದು ಗೊತ್ತಿದ್ದೂ ನಾನೊಮ್ಮೆ ಹಚ್ಚಿದೆ. ಊರಿನ ಹೆಸರು ಬೇಡ. ಗಿಲಾವು ಆಗಿ ಹನ್ನೆರಡನೇ ದಿನಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟಿ ಹತ್ತಿದೆ. ಹದಿನೆಂಟು ಅಡಿ ಉದ್ದದ ಗೋಡೆ. ಹನ್ನೊಂದು ದಿನ, ಕಡೆಯ ಮೂರು ರಾತ್ರಿ ಹ್ಯಾಲೋಜನ್ ದೀಪದ ಬೆಳಕಿನಲ್ಲಿ. ಮತ್ಸ್ಯಾವತಾರಕ್ಕೆ ನಮ್ಮ ಅಳಿವೆಯ ಕಾಗಳಸೆ ಮೀನಿನ ಮೈಯನ್ನೇ ಕೊಟ್ಟಿದ್ದೆ. ಬುಡದಲ್ಲಿ ಹಸಿರು, ನಡುವೆ ಬೆಳ್ಳಿ, ರೆಕ್ಕೆಯ ತುದಿಗೆ ತುಸು ಹಳದಿ. ಪ್ರತಿಷ್ಠೆಯ ದಿನ ಜನ ನಿಂತು ನೋಡಿದರು. ಮುಂದಿನ ಮಳೆಗಾಲ ಕಳೆದು ಹೋದಾಗ ಕೂರ್ಮನ ಬೆನ್ನು ಇರಲಿಲ್ಲ, ವಾಮನನ ಕೊಡೆ ಅರ್ಧ ಉದುರಿತ್ತು. ಕಳಪೆ ಬಣ್ಣ ಹಚ್ಚಿದ್ದಾನೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಉಳಿದ ಅರ್ಧ ದುಡ್ಡು ಬರಲೇ ಇಲ್ಲ. ಮಾರನೇ ವರ್ಷ ಆ ಗೋಡೆಯ ಮೇಲೆ ದಶಾವತಾರದ ಫ್ಲೆಕ್ಸ್ ಕಟ್ಟಿದರು. ದುಡ್ಡು ಹೋದದ್ದು ಮರೆತಿದ್ದೇನೆ. ಆ ಮೀನು ಹೋದದ್ದನ್ನು ಮರೆಯಲು ಆಗಿಲ್ಲ. ಗೋಡೆ ಒಣಗಲು ಆರು ತಿಂಗಳು ಕೊಟ್ಟಿದ್ದರೆ ಅದು ನನ್ನ ಕಾಲದ ನಂತರವೂ ಇರುತ್ತಿತ್ತು.

ಧಕ್ಕೆಯ ಯಜಮಾನರೇ, ನಿಮ್ಮ ಕಡೆಗೆ ಬರುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲಿಗೆ ರಜೆ. ಆ ಹೊತ್ತಿಗೆ ಕಾಸರಕೋಡಿನ ದಂಡೆಯಲ್ಲಿ, ನದಿಯ ಬದಿಯಲ್ಲಿ ಬೋಟುಗಳನ್ನು ಮೇಲಕ್ಕೆಳೆದು ಇಡುತ್ತೀರಿ. ಹಲಗೆ, ಎಂಜಿನ್, ಬಲೆಯ ಕೆಲಸ ಎಲ್ಲ ಆದ ಮೇಲೆ ಕಟ್ಟಕಡೆಗೆ ಹೆಸರು ಬರೆಯುವವನ ನೆನಪಾಗುತ್ತದೆ. ಜುಲೈ ಕೊನೇ ವಾರ, ಮಳೆ ಹೊಳವಾದ ಎರಡು ಗಳಿಗೆಯಲ್ಲಿ, ಟಾರ್ಪಾಲಿನ ಕೆಳಗೆ ನಿಂತು ನಾನು ಬರೆಯಬೇಕು. ಒದ್ದೆ ಗಾಳಿಯಲ್ಲಿ ಇನಾಮಲ್ ಬಣ್ಣ ಸಂಜೆಯ ಮೇಲೆ ಹಚ್ಚಿದರೆ ಬೆಳಗಾಗುವುದರೊಳಗೆ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಮಧ್ಯಾಹ್ನದೊಳಗೆ ಮುಗಿಸಿದರೆ ಮಾತ್ರ ಸಂಜೆಯ ತೇವ ಇಳಿಯುವ ಮುಂಚೆ ಹಿಡಿದುಕೊಳ್ಳುತ್ತದೆ. "ರಾತ್ರಿ ಬಂದು ಮಾಡ್ಕೊಡು, ನಾಡಿದ್ದು ಇಳಸ್ಬೇಕು" ಎಂದು ನೀವು ಹೇಳಿದಾಗ ನಾನು ತಲೆಯಾಡಿಸದೆ ಇರುವುದು ಇದಕ್ಕೇ.

ಬೋಟಿನ ಮುಂಬದಿ ಚಪ್ಪಟೆಯಲ್ಲ. ಬೆನ್ನಿನಂತೆ ಬಾಗಿದೆ, ಮೂಗಿನ ಕಡೆಗೆ ಹೋದಂತೆ ಮೇಲಕ್ಕೂ ಏಳುತ್ತದೆ. ಅದರ ಮೇಲೆ ಅಳತೆಪಟ್ಟಿ ಹಿಡಿದು ಸಮ ಅಂತರದಲ್ಲಿ ಅಕ್ಷರ ಬರೆದರೆ ಹತ್ತಿರದಿಂದ ಚಂದ ಕಾಣುತ್ತದೆ. ಧಕ್ಕೆಯ ಮೇಲೆ ನಿಂತು ನೋಡಿದರೆ ಮುಂದಿನ ಅಕ್ಷರಗಳು ಒಂದರ ಮೇಲೊಂದು ಬಿದ್ದ ಹಾಗಿರುತ್ತವೆ. ಹಾಗಾಗಿ ಮೂಗಿನ ಕಡೆಗೆ ಸಾಗಿದಂತೆ ಅಕ್ಷರವನ್ನೂ ಅಂತರವನ್ನೂ ಹಿಗ್ಗಿಸುತ್ತ ಹೋಗಬೇಕು. ದಾರಕ್ಕೆ ಸೀಮೆಸುಣ್ಣ ಹಚ್ಚಿ ಮಿಡಿದು ಗೆರೆ ಎಳೆದು, ಹತ್ತು ಮಾರು ದೂರ ಹೋಗಿ ನೋಡಿ, ಮತ್ತೆ ಬಂದು ಒರೆಸಿ, ಮತ್ತೆ ಎಳೆಯಬೇಕು. ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ದೀರ್ಘಕ್ಕೆ ಬಲಕ್ಕೆ ಜಾಗ ಬೇಕು. "ಶ್ರೀ" ಒಂದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಈ ಹೊತ್ತನ್ನು ನೀವು ಕೂಲಿಯಲ್ಲಿ ಹಿಡಿಯುವುದಿಲ್ಲ, ಬಣ್ಣದ ಡಬ್ಬಿಯ ಲೆಕ್ಕ ಮಾತ್ರ ಹಿಡಿಯುತ್ತೀರಿ.

ನಾನು ಹುಡುಗನಾಗಿದ್ದಾಗ, ಮೊದಲ ವರ್ಷ, ಬೋಟ್ ನಡೆಸುವ ವಯಸ್ಸಾದ ತಾಂಡೇಲರೊಬ್ಬರು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದು ಮಾತು ಹೇಳಿದ್ದರು. "ತಮಾ, ಅಕ್ಷರ ಚಂದ ಆಗೂದು ಆಮೇಲೆ. ದೂರಕ್ಕೆ ಕಾಣ್ಬೇಕು. ಕಡಲಲ್ಲಿ ಎಂಜಿನ್ ಹೋದ ದಿನ ನಾವ್ಯಾರು ಅಂತ ಮತ್ತೊಂದು ಬೋಟಿನವನಿಗೆ ಗೊತ್ತಾಗೂದು ಇದ್ರಿಂದ್ಲೇ." ಅಂದಿನಿಂದ ನಾನು ಹೆಸರಿನ ಸುತ್ತ ಕಪ್ಪು ಅಂಚು ಕೊಡದೆ ಬಿಟ್ಟಿಲ್ಲ. ಈಗ ಕೆಲವರು ರೇಡಿಯಂ ಸ್ಟಿಕ್ಕರ್ ಅಂಟಿಸುತ್ತಿದ್ದೀರಿ. ಬೇಗ ಆಗುತ್ತದೆ, ಅಗ್ಗವೂ ಹೌದು. ಉಪ್ಪುನೀರಿಗೆ ಅದರ ತುದಿ ಏಳುವುದನ್ನು ನೀವೇ ನೋಡಿದ್ದೀರಿ. ಒಂದು ಅಕ್ಷರ ಬಿದ್ದುಹೋದ ಹೆಸರು ಹೊತ್ತು ಕಡಲಿಗೆ ಹೋಗಬೇಡಿ. ಕೈಯಲ್ಲಿ ಬರೆಸಿ. ನನ್ನಿಂದಲೇ ಬರೆಸಬೇಕೆಂದಿಲ್ಲ. ಬರೆಯಬಲ್ಲ ಇನ್ನೂ ನಾಲ್ಕಾರು ಜನ ತಾಲೂಕಿನಲ್ಲಿದ್ದಾರೆ, ಅವರಿಗೆ ಜೂನ್‌ನಲ್ಲೇ ಹೇಳಿ.

ಒಂದು ದಿನ ನಮ್ಮ ಪಾಲಿಗೆ ಹೇಗೆ ಸಾಗುತ್ತದೆ ಎನ್ನುವುದು ನಿಮಗೆ ಗೊತ್ತಿಲ್ಲದಿರಬಹುದು. ಮಳೆಗಾಲ ಬಿಟ್ಟರೆ ಐದಕ್ಕೆ ಏಳುತ್ತೇನೆ. ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ ಬೀಸುತ್ತದೆ. ತಣ್ಣಗೆ, ಒಣಗಿ ಇರುತ್ತದೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಅದು ತಿರುಗುತ್ತದೆ. ಕಡಲಗಾಳಿ ಎದ್ದರೆ ಹಾಳೆಯ ಮೇಲೆ ಮರಳು, ಬಣ್ಣದ ತಟ್ಟೆಯಲ್ಲಿ ಮರಳು, ಕೈಯಲ್ಲಿ ಜಿಗುಟು. ಆದ್ದರಿಂದ ಹೊರಗಿನ ನನ್ನ ಸ್ವಂತ ಕೆಲಸ ಏನಿದ್ದರೂ ಅಷ್ಟರೊಳಗೆ. ನಂತರ ನಿಮ್ಮ ಗೋಡೆಗಳು, ಬೋರ್ಡುಗಳು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಒಂಬತ್ತು ಮಕ್ಕಳು ಕಲಿಯಲು ಬರುತ್ತಾರೆ, ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟುವವರು. ರಾತ್ರಿ ಊಟವಾದ ಮೇಲೆ ಬ್ರಷ್ ತೊಳೆದು, ಕೂದಲಿಗೆ ತೆಂಗಿನೆಣ್ಣೆ ಸವರಿ, ನೆಟ್ಟಗೆ ಕಟ್ಟಿ ಇಡುತ್ತೇನೆ. ಇಲ್ಲದಿದ್ದರೆ ತಗಡಿನ ಕೊರಳಿಗೆ ತುಕ್ಕು ಹಿಡಿದು ಕೂದಲು ಉದುರುತ್ತದೆ.

ಮಳೆಗಾಲದಲ್ಲಿ ನಮ್ಮ ಹೋರಾಟ ಬೂಷ್ಟಿನ ಜೊತೆ. ಜಲವರ್ಣದ ಕಾಗದದ ಮೇಲೆ ಒಂದು ತೆಳು ಅಂಟಿನ ಲೇಪ ಇರುತ್ತದೆ. ಅದು ಇರುವುದರಿಂದಲೇ ಬಣ್ಣದ ನೀರು ಮೇಲೆ ನಿಂತು ಹರಡುತ್ತದೆ. ಬೂಷ್ಟಿಗೆ ಆ ಅಂಟೇ ಆಹಾರ. ಬೂಷ್ಟು ತಿಂದ ಕಾಗದ ನೋಡಲು ಹೊಸದರ ಹಾಗೇ ಇರುತ್ತದೆ. ಬ್ರಷ್ ಮುಟ್ಟಿಸಿದಾಗ ಗೊತ್ತಾಗುತ್ತದೆ, ಅಲ್ಲಲ್ಲಿ ಒತ್ತುಕಾಗದದ ಹಾಗೆ ಬಣ್ಣವನ್ನು ಹೀರಿಬಿಡುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಒಳ್ಳೆಯ ಸೀರೆಗಳಿರುವ ಕಪಾಟಿನಲ್ಲಿಯೇ ಕಾಗದವೂ ಇದೆ, ಒಳಗೆ ಹಗಲೂ ರಾತ್ರಿ ಹದಿನೈದು ವ್ಯಾಟಿನ ಬಲ್ಬು ಉರಿಯುತ್ತದೆ. ಕರೆಂಟು ಹೋದ ದಿನಗಳಲ್ಲಿ ಹೆಂಡತಿ ಕಾಗದದ ಕಟ್ಟನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದಾಳೆ. ಕ್ಯಾನ್ವಾಸಿಗೆ ಹೊಡೆದ ಕಬ್ಬಿಣದ ಮೊಳೆ ತುಕ್ಕು ಕಾರಿ ಚಿತ್ರದ ಅಂಚಿಗೆ ಇಳಿಯುತ್ತದೆ. ಅದಕ್ಕೆ ಹಿತ್ತಾಳೆಯ ಮೊಳೆಯೇ ಬೇಕು, ದುಬಾರಿಯಾದರೂ. ನಾನು ಹೇಳುವ ರೇಟು ಕೇಳಿ ಹುಬ್ಬೇರಿಸುವಾಗ ಇವೆಲ್ಲ ನಿಮ್ಮ ನೆನಪಿನಲ್ಲಿರಲಿ ಎಂದು ಬರೆಯುತ್ತಿದ್ದೇನೆ.

ಹೋಂಸ್ಟೇ ನಡೆಸುವವರಿಗೆ ಒಂದೇ ಮಾತು. ಗೋಡೆಗೆ ಚಿತ್ರ ಬರೆದುಕೊಡಿ, ಬಂದವರೆಲ್ಲ ಫೋಟೋ ತೆಗೆಯುತ್ತಾರೆ, ನಿಮಗೆ ಪ್ರಚಾರ ಸಿಗುತ್ತದೆ ಎನ್ನಬೇಡಿ. ಅಡುಗೆಯವರಿಗೆ ಹಾಗೆ ಹೇಳುವುದಿಲ್ಲ ನೀವು. ಇನ್ನೊಂದು ಕೋರಿಕೆ, ಕಡಲನ್ನು ನೀಲಿಯಾಗಿಯೇ ಬರೆಯಬೇಕೆಂದು ಹಟ ಹಿಡಿಯಬೇಡಿ. ನಮ್ಮ ಅಳಿವೆಯ ಬಾಯಲ್ಲಿ ಆಗಸ್ಟ್ ತಿಂಗಳಲ್ಲಿ ನಿಂತು ನೋಡಿ. ಶರಾವತಿ ತಂದ ಕೆಂಪು ನೀರು ಒಂದು ಕಡೆ, ಕಡಲಿನ ಮಂಕು ಹಸಿರು ಒಂದು ಕಡೆ, ನಡುವೆ ನೊರೆಯ ಒಂದು ಗೆರೆ ಉಬ್ಬರ ಇಳಿತಕ್ಕೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಆ ಗೆರೆಯನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇನ್ನೂ ಸರಿಯಾಗಿ ಬಂದಿಲ್ಲ. ಜನವರಿಯಲ್ಲಿ ರಾತ್ರಿ ಬಸ್ಸು ಹತ್ತಿ, ಅಂಥ ಚಿತ್ರಗಳ ಸುರುಳಿಯನ್ನು ತೊಡೆಯ ಮೇಲೆ ಹಿಡಿದು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗುತ್ತೇನೆ. ಕುಮಾರಕೃಪಾ ರಸ್ತೆಯ ಬದಿಯಲ್ಲಿ ಒಂದು ದಿನ ನಿಂತು ಮಾರಿದ್ದು ಕೆಲವು ವರ್ಷ ಮೂರು ತಿಂಗಳ ದಿನಸಿಗೆ ಆಗಿದೆ, ಕೆಲವು ವರ್ಷ ಬಸ್ ಚಾರ್ಜಿಗಷ್ಟೇ ಆಗಿದೆ. ಅಲ್ಲಿ ಬೆಂಗಳೂರಿನವರು "ಸಮುದ್ರ ಹೀಗಿರುತ್ತಾ?" ಎಂದು ಕೇಳಿದರೆ ನನಗೆ ಬೇಸರವಿಲ್ಲ, ವಿವರಿಸಿ ಹೇಳುತ್ತೇನೆ. ಕಡಲ ಎದುರಿಗೆ ಮನೆಯಿರುವವರೇ ಕೇಳಿದರೆ ನೋವಾಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕಲೆಗೆ ಮರ್ಯಾದೆ ಕೊಡುವುದು ನಮ್ಮ ಜನಕ್ಕೆ ಗೊತ್ತಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನದ ಇಡಗುಂಜಿ ಮೇಳ ಕಟ್ಟಿದ ಸೀಮೆ ಇದು. ಆಟ ಆಡಿಸಬೇಕೆಂದರೆ ನೀವು ಏನು ಮಾಡುತ್ತೀರಿ? ತಿಂಗಳುಗಟ್ಟಲೆ ಮುಂಚೆ ಹೋಗಿ, ವೀಳ್ಯ ಕೊಟ್ಟು, ದಿನ ಗೊತ್ತು ಮಾಡಿ ಬರುತ್ತೀರಿ. ಯಾವ ಪ್ರಸಂಗ ಎಂದು ಕೂತು ಮಾತಾಡುತ್ತೀರಿ. ನಾಳೆ ರಾತ್ರಿ ಬನ್ನಿ, ದುಡ್ಡು ಆಮೇಲೆ ನೋಡುವ ಎಂದು ಯಾವ ಭಾಗವತರಿಗೂ ಫೋನ್ ಮಾಡಿದ್ದಿಲ್ಲ. ಚೌತಿಯಲ್ಲೂ ಹಾಗೇ. ಗಣಪತಿಗೆಂದು ಮಣೆಯನ್ನು ಮುಂಚಿತವಾಗಿ ತಂದುಕೊಡುತ್ತೀರಿ. ಆ ಮಣೆ ನಮ್ಮ ಮನೆಯ ಗೋಡೆಗೆ ಒರಗಿ ಕೂತಿತು ಎಂದರೆ ಅದೇ ಕರಾರು. ಕಾಗದ ಪತ್ರ ಬೇಕಿಲ್ಲ. ಮಳೆಗೆ ಮುಂಚೆ ಅಗೆದು ತಂದ ಜೇಡಿಮಣ್ಣನ್ನು ಕಲ್ಲು ಆಯ್ದು, ಹತ್ತಿ ಸೇರಿಸಿ, ಮೆಟ್ಟಿ ಹದ ಮಾಡಿ, ಹೊಟ್ಟಿನ ಬೆಂಕಿಯ ಮೆಲ್ಲನೆಯ ಕಾವಿಗೆ ಆರಿಸಿ, ಕಣ್ಣನ್ನು ಎಲ್ಲಕ್ಕಿಂತ ಕಡೆಗೆ ಬರೆದು ನಿಮ್ಮ ಕೈಗೆ ಕೊಡುತ್ತೇವೆ. ನೀವು ತೆಂಗಿನಕಾಯಿ, ಅಕ್ಕಿ, ವೀಳ್ಯದ ಜೊತೆ ದಕ್ಷಿಣೆ ಇಟ್ಟು ಕೈ ಮುಗಿದು ಒಯ್ಯುತ್ತೀರಿ. ಚೌಕಾಸಿ ಮಾಡಿದವರನ್ನು ನಾನು ಕಂಡಿಲ್ಲ. ಎಷ್ಟೋ ಮನೆಯವರು ಕಷ್ಟದಲ್ಲಿದ್ದೂ ಮನಸ್ಸು ತುಂಬಿ ಕೊಟ್ಟಿದ್ದಾರೆ.

ಅದೇ ನೀವು, ಅದೇ ನಾನು. ಚೌತಿ ಕಳೆದು ಎರಡು ತಿಂಗಳಿಗೆ ಒಂದು ಗೋಡೆಗೋ ಒಂದು ಪರದೆಗೋ ಕರೆಯುವಾಗ ಆ ವೀಳ್ಯ ಎಲ್ಲಿ ಹೋಗುತ್ತದೆ? ಗಾರೆಯವರಿಗೆ ಶನಿವಾರ ಸಂಜೆ ಬಟವಾಡೆ ತಪ್ಪುವುದಿಲ್ಲ. ಶಾಮಿಯಾನದವರಿಗೆ, ಸೌಂಡಿನವರಿಗೆ ಮುಂಗಡ ಹೋಗುತ್ತದೆ. ಚಿತ್ರಕಾರನಿಗೆ ಮಾತ್ರ ದೇವರ ಕೆಲಸ, ಮಕ್ಕಳ ಕೆಲಸ, ಊರಿನ ಕೆಲಸ. ನಾನು ದೇವರನ್ನು ನಂಬಿದವನು. ಇಡಗುಂಜಿ ಗಣಪತಿಗೆ ನಡೆದುಕೊಳ್ಳುವವನು. ಸೇವೆಯಾಗಿ ಮಾಡಬೇಕೆಂದು ನನಗೆ ಅನ್ನಿಸಿದರೆ ನಾನೇ ಬಂದು ಹೇಳುತ್ತೇನೆ, ಎಷ್ಟೋ ಸಲ ಹೇಳಿದ್ದೇನೆ ಕೂಡ. ಸೇವೆಯನ್ನು ಬೇರೆಯವರು ನನ್ನ ಹೆಸರಿಗೆ ಬರೆಯಬಾರದು.

ಸಣ್ಣ ಊರಿನಲ್ಲಿ ಚಿತ್ರಕಾರ ಉಳಿಯುವುದು ಸುಲಭವಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಗೆ ಹೋಗಿ ಜೆ. ಜೆ. ಸ್ಕೂಲಿನಲ್ಲಿ ಕಲಿತು, ಅಲ್ಲೇ ನೆಲೆಸಿ ದೇಶಕ್ಕೆ ದೊಡ್ಡವರಾದರು. ಅವರು ಹೋದದ್ದು ಸರಿ. ನನ್ನ ಹತ್ತಿರ ಕಲಿತು ಫೈನ್ ಆರ್ಟ್ಸ್ ಓದಲು ಹೋದ ಐದು ಮಕ್ಕಳಲ್ಲಿ ಒಬ್ಬರೂ ಹಿಂದಕ್ಕೆ ಬಂದಿಲ್ಲ. ಅವರು ಹೋದದ್ದೂ ಸರಿಯೇ. ಆದರೆ ಹೋಗುವುದು ಅವರ ಆಸೆಯಾಗಿರಬೇಕು. ಇಲ್ಲಿದ್ದರೆ ಅನ್ನ ಹುಟ್ಟುವುದಿಲ್ಲ ಎಂಬ ಹೆದರಿಕೆಯಿಂದ ಹೋಗುವಂತಾಗಬಾರದು. ಒಬ್ಬಳು ಹುಡುಗಿ, ಮೀನು ಮಾರುವ ತಾಯಿಯ ಮಗಳು, ಬುಟ್ಟಿಯಲ್ಲಿನ ಬಂಗಡೆಯ ಬೆನ್ನಿನ ಗೆರೆಗಳನ್ನು ಪೆನ್ಸಿಲಿನಲ್ಲಿ ಎಷ್ಟು ಕರಾರುವಾಕ್ಕಾಗಿ ಹಿಡಿಯುತ್ತಾಳೆಂದರೆ ನಾನು ಅವಳಿಗೆ ಕಲಿಸುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ನೋಡುತ್ತೇನೆ. ಎರಡು ತಿಂಗಳ ಹಿಂದೆ ಅವಳ ತಾಯಿ ಕೇಳಿದರು, "ಸರ್, ಇದ್ರಲ್ಲಿ ಹೊಟ್ಟೆಗೆ ಆಗ್ತದ್ಯಾ?" ಆಗುತ್ತದೆ ಎಂದೆ. ಹೇಳುವಾಗ ನನ್ನ ದನಿ ಗಟ್ಟಿಯಿರಲಿಲ್ಲ. ಆ ದನಿ ಗಟ್ಟಿಯಾಗುವುದು ನಿಮ್ಮ ಕೈಯಲ್ಲಿದೆ ಎಂದೇ ಈ ಪತ್ರ.

ಕಡೆಯದಾಗಿ ದೇವಸ್ಥಾನಗಳ ಮೊಕ್ತೇಸರರಿಗೆ, ಹಳೇ ಮನೆತನದವರಿಗೆ ಒಂದು ವಿಷಯ. ಇದು ನನ್ನ ಕೂಲಿಯ ಮಾತಲ್ಲ.

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಗೋಡೆಯ ಚೂರಿದೆ. ದಪ್ಪ ಒಂದು ಹೆಬ್ಬೆರಳಿನಷ್ಟು. ಅಡ್ಡಕ್ಕೆ ಹಿಡಿದರೆ ಪೂರ ಬಿಳಿ, ಅಲ್ಲಲ್ಲಿ ಮರಳಿನ ಕಣ. ಮೇಲ್ಮೈಯಲ್ಲಿ ಮಾತ್ರ ಉಗುರಿನಷ್ಟು ತೆಳ್ಳಗೆ ಒಂದು ಕೆಂಪು ಪದರ, ಸವರಿದರೆ ಇಂದಿಗೂ ನುಣ್ಣಗಿದೆ. ಆ ಕೆಂಪನ್ನು ಗೀರಿ ಒಳಗಿನ ಬಿಳಿಯನ್ನು ಕಾಣಿಸಿ ಬರೆದ ಒಂದೂವರೆ ತಾವರೆ ಎಸಳು, ಪಕ್ಕದಲ್ಲಿ ಬಳ್ಳಿಯ ಒಂದು ಸುಳಿ. ಗೆರೆಯ ಶುರುವಿನಲ್ಲಿ ಕಂಟ ಆಳಕ್ಕೆ ಇಳಿದಿದೆ, ತುದಿಯಲ್ಲಿ ಹಗುರಾಗಿ ಎದ್ದಿದೆ. ಬರೆದವನ ಮಣಿಕಟ್ಟು ಹೇಗೆ ತಿರುಗಿತು ಎನ್ನುವುದು ನನಗೆ ಗೊತ್ತಾಗುತ್ತದೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಇದು ಕಾವಿ ಕಲೆ. ಗೋವೆಯಿಂದ ನಮ್ಮ ಕಡಲಂಚಿನುದ್ದಕ್ಕೂ ಹಳೆಯ ದೇವಸ್ಥಾನ, ಮನೆಗಳ ಗೋಡೆಯ ಮೇಲೆ ಇದ್ದದ್ದು. ಇದರ ಸಾಮಾನೆಲ್ಲ ಇಲ್ಲಿಯದೇ. ಅಳಿವೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ, ತೊಳೆದ ಹೊಳೆಯ ಮರಳು, ಬೆಲ್ಲದ ನೀರು. ಇವನ್ನು ಕಲಸಿ, ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ಹದ ಮಾಡಿ ಗೋಡೆಗೆ ಹಚ್ಚುತ್ತಿದ್ದರು. ಅದರ ಮೇಲೆ ಹುರುಮಂಜಿಯ ಕೆಂಪು ಪದರ. ಹಸಿ ಇರುವಾಗಲೇ ಚಿತ್ರವನ್ನು ಗೀರಿ ಬಿಡಿಸಿ, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಬಣ್ಣ ಮೇಲೆ ಅಂಟಿಸಿದ್ದಲ್ಲ, ಗೋಡೆಯ ಜೊತೆಗೇ ಗಟ್ಟಿಯಾದದ್ದು. ಆದ್ದರಿಂದಲೇ ನನ್ನ ದಶಾವತಾರವನ್ನು ಒಂದೇ ವರ್ಷದಲ್ಲಿ ತಿಂದ ಈ ಮಳೆ ಅದನ್ನು ತಲೆಮಾರುಗಟ್ಟಲೆ ಮುಟ್ಟಲಿಲ್ಲ.

ಮಳೆ ಮುಟ್ಟದ್ದನ್ನು ನಾವು ಕೆಡವಿದೆವು. ನಮ್ಮ ಹೊನ್ನಾವರದವರೇ ಆದ ಡಾ. ಕೃಷ್ಣಾನಂದ ಕಾಮತರು ವಿಜ್ಞಾನ ಓದಿ, ಅಮೆರಿಕಕ್ಕೂ ಹೋಗಿ ಬಂದವರು, ಕ್ಯಾಮೆರಾ ಹಿಡಿದು ಊರೂರು ತಿರುಗಿ ಈ ಚಿತ್ರಗಳನ್ನು ದಾಖಲಿಸಿದರು, ಬರೆದರು, ಉಳಿಸಿಕೊಳ್ಳಿ ಎಂದು ಕೇಳಿಕೊಂಡರು. 2002ರಲ್ಲಿ ಅವರು ತೀರಿಕೊಂಡರು. ಅವರು ಫೋಟೋ ತೆಗೆದ ಎಷ್ಟೋ ಚಿತ್ರಗಳು ಈಗ ಆ ಫೋಟೋದಲ್ಲಿ ಮಾತ್ರ ಇವೆ. ನನ್ನ ಮೇಜಿನ ಮೇಲಿನ ಚೂರು ಸಿಕ್ಕಿದ್ದು ಒಂದು ಜೀರ್ಣೋದ್ಧಾರದಲ್ಲಿ. ಸುದ್ದಿ ತಿಳಿದು ಸೈಕಲ್ ತುಳಿದು ಹೋಗುವಷ್ಟರಲ್ಲಿ ಗೋಡೆ ನೆಲಕ್ಕೆ ಬಿದ್ದಿತ್ತು, ಟ್ರಾಕ್ಟರ್ ತುಂಬುತ್ತಿದ್ದರು. ಸಮಿತಿಯವರು ಕೆಟ್ಟವರಲ್ಲ. ಊರೂರು ಸುತ್ತಿ ಚಂದಾ ಎತ್ತಿ, ಸ್ವಂತ ದುಡ್ಡು ಹಾಕಿ ದೇವರಿಗೆ ಗ್ರಾನೈಟಿನ ಮನೆ ಕಟ್ಟಿಸುತ್ತಿದ್ದವರು. ಹಳೆಯದು ಮಾಸಿದೆ, ಹೊಸದು ಹೊಳೆಯುತ್ತದೆ ಎಂದಷ್ಟೇ ಅವರಿಗೆ ಕಂಡಿತ್ತು. ಅದು ಬೆಲೆಯುಳ್ಳದ್ದು ಎಂದು ಅವರಿಗೆ ಹೇಳುವವರು ಒಬ್ಬರೂ ಆ ದಿನ ಅಲ್ಲಿರಲಿಲ್ಲ. ನಾನು ಅರ್ಧ ಗಂಟೆ ತಡವಾಗಿ ಹೋಗಿದ್ದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಗೋಡೆಗೆ ಚಿತ್ರ ಬೇಕಾದರೆ ಗಿಲಾವಿಗೆ ಮುಂಚೆಯೇ ನಮ್ಮಂಥವರನ್ನು ಕರೆದು ಕೂರಿಸಿಕೊಳ್ಳಿ. ಮಳೆ ಕಳೆದು ಗೋಡೆ ಒಣಗುವವರೆಗೆ ಕಾಯಿರಿ, ಡಿಸೆಂಬರ್ ನಡುವಿನ ನಂತರ ದಿನ ಇಡಿ. ಅರ್ಧ ಹಣವನ್ನು ವೀಳ್ಯದ ಜೊತೆ ಮೊದಲೇ ಕೊಡಿ, ಉಳಿದದ್ದನ್ನು ಅಟ್ಟಣಿಗೆ ಬಿಚ್ಚುವ ದಿನ ಕೊಡಿ. ಶಾಲೆಯ ಗ್ಯಾದರಿಂಗಿನ ಪರದೆಗೂ ಇದೇ ಮಾತು, ಹಣ ಕಮ್ಮಿಯಿದ್ದರೆ ಪರದೆ ಸಣ್ಣದು ಮಾಡೋಣ. ಬೋಟಿನವರು ಜೂನ್‌ನಲ್ಲೇ ಹೆಸರು ಹೇಳಿಟ್ಟರೆ ಹೊಳವು ನೋಡಿಕೊಂಡು ನಿಧಾನಕ್ಕೆ ಬರೆಯುತ್ತೇವೆ. ಏಪ್ರಿಲ್‌ನಲ್ಲಿ ಫೋನ್ ಮಾಡಿದ್ದವರು ಇದನ್ನು ಓದಿದರೆ, ನಿಮ್ಮ ಗೋಡೆಗೆ ಈಗ ಒಂದು ಮಳೆಗಾಲ ಆಗುತ್ತಿದೆ. ಜನವರಿಯಲ್ಲಿ ನಾನೇ ಪ್ಲಾಸ್ಟಿಕ್ ಹಾಳೆ ತಂದು ಅಂಟಿಸಿ ನೋಡುತ್ತೇನೆ. ಒಣಗಿದ್ದರೆ ದಶಾವತಾರ ಬರೆದುಕೊಡುತ್ತೇನೆ.

ಹಳೆಯ ಗೋಡೆ ಕೆಡಹುವ ಯೋಚನೆಯಿದ್ದರೆ ಮಾತ್ರ ಯಾವ ತಿಂಗಳೂ ನೋಡಬೇಡಿ, ಯಾವ ಹೊತ್ತೂ ನೋಡಬೇಡಿ. ಹಾರೆ ಹಾಕುವ ಮುಂಚೆ ಒಂದು ದಿನ ನನಗೆ ಕೊಡಿ. ಬಂದು ಮೇಲೆ ಬಳಿದ ಸುಣ್ಣದ ಪದರ ಬಿಡಿಸಿ ನೋಡುತ್ತೇನೆ, ಇದ್ದದ್ದನ್ನು ಅಳತೆ ಹಿಡಿದು ಬರೆದುಕೊಳ್ಳುತ್ತೇನೆ, ಫೋಟೋ ತೆಗೆಸುತ್ತೇನೆ, ಉಳಿಸಲು ದಾರಿಯಿದೆಯೇ ಎಂದು ನಿಮ್ಮ ಜೊತೆ ಕೂತು ಮಾತಾಡುತ್ತೇನೆ. ಅದಕ್ಕೆ ವೀಳ್ಯವೂ ಬೇಡ.